ತಲಬಾಗಿಲ ಸರದಿ ಕಡೆಗೆ ಬರಲಿ

ಪ್ರಶ್ನೆ: ಅಕ್ಕಾರ, ನಮ್ಮದು ರೋಣ ತಾಲ್ಲೂಕಿನ ಅಸೂಟಿ. ಮನಿ ನಮ್ಮ ಮಾವನವರ ತಂದಿ ಕಟ್ಟಿಸಿದ್ದು. ಮಣ್ಣಿನ ಗ್ವಾಡಿ, ಮಣ್ಣಿನ ಮಾಳಿಗಿ. ಮಗ ಬೆಂಗಳೂರಾಗ ನೌಕರಿ ಮಾಡ್ತಾನ. ದಸರಾಕ್ಕ ಬಂದಾಗ ಬಾಗಲಾ, ಕಿಡಕಿ ಎಲ್ಲಾ ನೋಡಿ, ‘ಅವ್ವಾ, ಒಂದೂ ನೆಟ್ಟಗ ಕೂಡೂದಿಲ್ಲ, ಎಲ್ಲಾ ಕಿತ್ತಿಸಿ ಯುಪಿವಿಸಿ ಹಾಕಸೋಣು’ ಅಂದ. ರೊಕ್ಕಾನೂ ಹಾಕ್ಯಾನ. ಏಳು ಕಿಡಕಿ, ಐದು ಬಾಗಲಾ. ಹಾಕಾವ್ರು ನಾಕು ದಿನದ ಕೆಲಸ, ಮನಿ ಖಾಲಿ ಮಾಡಿ ಕೊಡ್ರಿ ಅಂತಾರ. ಎಲ್ಲಿಗೆ ಖಾಲಿ ಮಾಡ್ಲಿ? ಹೋದ ವರ್ಷದ ಜ್ವಾಳ, ಈ ಸಲದ ಹೆಸರು ಪಡಸಾಲ್ಯಾಗ ಅದಾವು. ಮಾವನವರಿಗೆ ದಮ್ಮು, ಒಂದೀಟು ಧೂಳಾದ್ರ ಉಸಿರು ಹಿಡೀತೈತಿ. ಅತ್ತಿಯವ್ರು ‘ತಲಬಾಗಲಾ ಮುಟ್ಟಬ್ಯಾಡ್ರಿ’ ಅಂತ ಎರಡು ದಿನ ಸರಿಯಾಗಿ ಉಂಡಿಲ್ಲ. ಮಗಂದೂ ಖರೆ, ಅತ್ತಿಯವರ್ದೂ ಖರೆ ಅನಸ್ತದ. ಮೊದಲ ಏನು ಮಾಡ್ಲಿ?
ಹೆಸರು ಬ್ಯಾಡ, ಅಸೂಟಿ

ತಂಗಿ, ಪತ್ರ ಎರಡು ಸಲ ಓದಿದೆ. ಸಾಮಾನು, ಧೂಳು, ಅತ್ತೆ, ಮಗ, ಈ ನಾಲ್ಕನ್ನೂ ಕೇಳಿದ್ದೀರಿ. ಐದನೆಯದೊಂದು ಇದೆ, ಅದನ್ನು ನೀವೂ ಕೇಳಿಲ್ಲ, ನಿಮ್ಮ ಮಗನೂ ಕೇಳಿಲ್ಲ, ಅಳತೆ ತೆಗೆದುಕೊಂಡು ಹೋದವರಂತೂ ಕೇಳುವುದೇ ಇಲ್ಲ. ಆ ಬಾಗಿಲುಗಳು ಯಾಕೆ ಕೂಡುತ್ತಿಲ್ಲ?

ನಿಮ್ಮೂರು ಎರೆಭೂಮಿಯ ಊರು. ಮಳೆ ಬಿದ್ದಾಗ ಆ ಮಣ್ಣು ಕಾಲಿಗೆ ಬುಟ್ಟಿಯಷ್ಟು ಮೆತ್ತಿಕೊಳ್ಳುತ್ತದೆ, ಚೈತ್ರ–ವೈಶಾಖಕ್ಕೆ ಕೈ ಇಳಿಯುವಷ್ಟು ಬಿರಿಯುತ್ತದೆ. ಹೊಲದಲ್ಲಿ ಅದನ್ನು ಹುಟ್ಟಿದಾಗಿನಿಂದ ನೋಡಿದ್ದೀರಿ. ಆದರೆ ಅದೇ ಮಣ್ಣು ನಿಮ್ಮ ಅಡುಗೆಮನೆಯ ಕೆಳಗೂ ಇದೆ. ಮಾಂಟ್ಮೊರಿಲೊನೈಟ್ ಎಂಬ ಜಾತಿಯ ಜೇಡಿ ಅದರಲ್ಲಿ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮನೆಯ ಒಂದು ಮೂಲೆಗೆ ಬಚ್ಚಲ ನೀರು ಇಳಿಯುತ್ತಿರುತ್ತದೆ, ಇನ್ನೊಂದು ಮೂಲೆ ಬಿಸಿಲಿಗೆ ಒಣಗಿರುತ್ತದೆ. ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೂಡುತ್ತದೆ, ನಡುವೆ ನಿಂತ ಗೋಡೆ ಓರೆಯಾಗುತ್ತದೆ. ಗೋಡೆ ಓರೆಯಾದರೆ ಮೊದಲು ಹೇಳುವುದು ಬಾಗಿಲು. ಎಲ್ಲೋ ಮೇಲಿನ ಮೂಲೆ ತಾಕುತ್ತದೆ, ಚಿಲಕ ಕೊಂಡಿಗೆ ಸಿಗುವುದಿಲ್ಲ. ಬಡಿಗೇರ ಬಂದು ಉಜ್ಜು ಹೊಡೆದು ಕದ ಸಣ್ಣ ಮಾಡುತ್ತಾನೆ. ಬೇಸಿಗೆಗೆ ಅದೇ ಕದಕ್ಕೆ ಬೆರಳಗಲ ಸಂದು ಬೀಳುತ್ತದೆ. ಹೀಗೆ ಮೂರು ಸಲ ಉಜ್ಜಿದ ಮೇಲೆ ಎಲ್ಲರೂ ಹೇಳುತ್ತಾರೆ, ಬಾಗಿಲು ಹಳೇದಾತು ಅಂತ.

ಎರಡನೆಯ ಕಾರಣ ನೆತ್ತಿಯ ಮೇಲಿದೆ. ಮಾಳಿಗೆ ಸೋರಿದಾಗೆಲ್ಲ ಮೇಲೆ ಸವಳು ಮಣ್ಣು ಹಾಕಿಸಿರುತ್ತೀರಿ. ಹಳೆಯದನ್ನು ಕೆರೆದು ಹಾಕಿಸಿದವರು ಕಡಿಮೆ. ಐವತ್ತು ವರ್ಷದ ಮಣ್ಣು ಒಂದರ ಮೇಲೊಂದು ಕೂತು ಜಂತಿಗೆ, ತೊಲೆಗೆ, ಕೊನೆಗೆ ಬಾಗಿಲ ಮೇಲಿನ ಹಲಗೆಗೆ ಭಾರವಾಗುತ್ತದೆ. ಹಲಗೆ ನಡುವಿನಲ್ಲಿ ಬಾಗಿದರೆ ಕದದ ತಲೆ ಹಿಡಿಯುತ್ತದೆ. ಮೂರನೆಯದು ಒರಲಿ. ಚೌಕಟ್ಟಿನ ಬುಡದಲ್ಲಿ, ಹೊಸ್ತಿಲ ಎರಡು ತುದಿಯಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಕಟ್ಟಿಗೆ ಗಟ್ಟಿ ಸಪ್ಪಳ ಮಾಡಿದರೆ ಜೀವ ಇದೆ. ರೊಟ್ಟಿಯ ಹಿಟ್ಟಿನೊಳಗೆ ಹೋದಂತೆ ಹೋದರೆ ಅಷ್ಟು ಭಾಗ ಮುಗಿದಿದೆ.

ಮೂರಕ್ಕೂ ಮದ್ದು ಬೇರೆ ಬೇರೆ. ಒರಲಿ ತಿಂದಿದ್ದರೆ ಕಟ್ಟಿಗೆ ಬದಲಿಸಬೇಕು. ಮಾಳಿಗೆಯ ಭಾರವಾದರೆ ಮೊದಲು ಮೇಲಿನ ಮಣ್ಣು ಇಳಿಸಬೇಕು. ನೆಲವೇ ಅಲುಗುತ್ತಿದ್ದರೆ ಲಕ್ಷ ರೂಪಾಯಿಯ ಕಿಡಕಿಯೂ ಎರಡನೆಯ ಮಳೆಗಾಲಕ್ಕೆ ಹಿಡಿಯುತ್ತದೆ. ಅದಕ್ಕೇ ಹೇಳುವುದು, ಈ ಕಾರ್ತಿಕದಲ್ಲಿ ಒಂದು ಮೊಳೆಯನ್ನೂ ಕೀಳಿಸಬೇಡಿ. ಬಾಗಿಲ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಹೋದ ಬಿರುಕು ಇದ್ದೇ ಇರುತ್ತದೆ, ನೋಡಿ. ಅದರ ಮೇಲಿನ ಸುಣ್ಣ ಕೆರೆದು, ಎರಡೂ ದಂಡೆಗೆ ಹಿಡಿಯುವಂತೆ ತೆಳ್ಳನೆಯ ಗಾಜಿನ ತುಂಡೊಂದನ್ನು ಗಟ್ಟಿ ಅಂಟಿನಿಂದ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಎಂಜಿನಿಯರರೂ ಮಾಡುವುದು ಇದನ್ನೇ. ಗಾಜು ಸುಗ್ಗಿಯವರೆಗೆ ಇಡಿಯಾಗಿದ್ದರೆ ಗೋಡೆ ನಿಂತಿದೆ ಎನ್ನಬಹುದು. ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ. ಹೊಳೆಆಲೂರು, ಮೆಣಸಗಿ ಕಡೆ 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ನಿಂತ ಮನೆಗಳವರಿಗೂ ಈ ಮಾತು. ಒಮ್ಮೆ ನೆನೆದ ಮಣ್ಣಿನ ಗೋಡೆ ಮೇಲೆ ಒಣಗಿ ಕಂಡರೂ ಬುಡದಲ್ಲಿ ಸಡಿಲಾಗಿರುತ್ತದೆ. ಅಲ್ಲಿ ಚೌಕಟ್ಟು ಕೀಳುವ ಮುನ್ನ ಗೌಂಡಿ ಬಂದು ಬುಡ ಬಡಿದು ನೋಡಲೇಬೇಕು.

ಈಗ ನಿಮ್ಮ ಮಗನಿಗೆ ಒಂದು ಮಾತು. ಯುಪಿವಿಸಿಯನ್ನು ನಾನು ಬೈಯುವುದಿಲ್ಲ. ಕೊಳೆಯದು, ಒರಲಿ ತಿನ್ನದು, ವರ್ಷ ವರ್ಷ ಬಣ್ಣ ಬೇಡದು. ಬಚ್ಚಲಿಗೆ, ಇಟ್ಟಂಗಿಯಲ್ಲಿ ಕಟ್ಟಿದ ಹಿಂದಿನ ಕೋಣೆಗೆ ಒಳ್ಳೆಯದೇ. ತೊಡಕು ಇರುವುದು ಮಣ್ಣಿನ ಗೋಡೆಯಲ್ಲಿ. ಆ ಕಿಡಕಿಗಳನ್ನು ಉದ್ದನೆಯ ಸ್ಕ್ರೂಗಳಿಂದ ಗೋಡೆಗೆ ಬಿಗಿಯುತ್ತಾರೆ. ಕಾಂಕ್ರೀಟು, ಇಟ್ಟಂಗಿ ಆ ಹಿಡಿತ ಕೊಡುತ್ತದೆ. ಮಣ್ಣಿಗೆ ಡ್ರಿಲ್ ಇಟ್ಟರೆ ತೂತಲ್ಲ, ಬಿಲ ಆಗುತ್ತದೆ. ಆಷಾಢದ ಗಾಳಿ ಗಜೇಂದ್ರಗಡದ ಗುಡ್ಡದ ಮೇಲಿನ ಆ ದೊಡ್ಡ ಗಾಳಿಯಂತ್ರಗಳನ್ನೇ ತಿರುಗಿಸುತ್ತದೆ, ಮಣ್ಣಿನ ಬಿಲದಲ್ಲಿ ಕೂತ ನಾಲ್ಕು ಸ್ಕ್ರೂ ಅದಕ್ಕೆ ಯಾವ ಲೆಕ್ಕ?

ನಮ್ಮ ಮಾತಿನಲ್ಲೇ ಇದಕ್ಕೆ ದಾರಿ ಇದೆ. ಬಾಗಿಲು ಬೇರೆ, ಕದ ಬೇರೆ, ಚೌಕಟ್ಟು ಬೇರೆ. ಪೇಟೆಯವರು ಮೂರನ್ನೂ ಸೇರಿಸಿ ‘ಡೋರು’ ಅಂದುಬಿಟ್ಟರು, ಹಾಗಾಗಿ ಒಂದು ಕೆಟ್ಟರೆ ಮೂರೂ ಹೋಗಬೇಕಾಯಿತು. ನಿಮ್ಮ ಹನ್ನೆರಡರಲ್ಲಿ ಗಟ್ಟಿ ಚೌಕಟ್ಟು ಎಷ್ಟಿವೆ ಎಣಿಸಿ. ಚೌಕಟ್ಟು ಗಟ್ಟಿ ಇದ್ದಲ್ಲಿ ಅದನ್ನು ಮುಟ್ಟದೆ ಕದ ಮಾತ್ರ ಹೊಸದು ಮಾಡಿಸಿ. ಬೇಕಾದರೆ ಅದೇ ಕಟ್ಟಿಗೆಯ ಚೌಕಟ್ಟಿನೊಳಗೆ ಯುಪಿವಿಸಿ ಕಿಡಕಿಯನ್ನೂ ಕೂರಿಸಬಹುದು, ಸ್ಕ್ರೂ ಹಿಡಿಯಲು ಸಾಗವಾನಿಯ ಆಸರೆ ಇರುತ್ತದೆ. ಗೋಡೆ ಒಡೆಯುವ ಕೆಲಸವೇ ಇಲ್ಲ, ಮಾವನವರ ಧೂಳಿನ ಪ್ರಶ್ನೆ ಅರ್ಧಕ್ಕೆ ಇಳಿಯುತ್ತದೆ.

ಚೌಕಟ್ಟೂ ಹೋಗಲೇಬೇಕು ಅನ್ನುವಲ್ಲಿ ಒಂದು ಎಚ್ಚರ. ಹಳೆಯ ಮನೆಗಳಲ್ಲಿ ಬಾಗಿಲ ಮೇಲೆ ಕಾಂಕ್ರೀಟ್ ಲಿಂಟಲ್ ಇರುವುದಿಲ್ಲ. ಮೇಲಿನ ಗೋಡೆಯ ಭಾರವನ್ನು ಕಟ್ಟಿಗೆಯ ಹಲಗೆಯೋ ಉದ್ದನೆಯ ಕಲ್ಲೋ ಹೊತ್ತಿರುತ್ತದೆ, ಎಷ್ಟೋ ಕಡೆ ಚೌಕಟ್ಟೇ ಹೆಗಲು ಕೊಟ್ಟಿರುತ್ತದೆ. ತೊಲೆಯ ತುದಿ ಬಾಗಿಲ ನೆತ್ತಿಯ ಮೇಲೇ ಬಂದು ಕೂತಿದೆಯೋ ನೋಡಿ. ಕೂತಿದ್ದರೆ ಎರಡೂ ಕಡೆ ಆಸರೆಯ ಕಂಬ ಕೊಡದೆ ಚೌಕಟ್ಟು ಅಲುಗಿಸಕೂಡದು. ‘ಏನಾಗಂಗಿಲ್ರಿ, ನಾಲ್ಕು ಹೊಡೆತದ ಕೆಲಸ’ ಅನ್ನುವವನನ್ನು ಚಹಾ ಕೊಟ್ಟು ಕಳಿಸಿ. ಹೊಸ ಚೌಕಟ್ಟಿಗೆ ಒಂದೊಂದು ಬದಿ ಮೂರು ಹೋಲ್ಡ್‌ಫಾಸ್ಟ್ ಇರಲಿ, ಗೋಡೆಗೆ ತಾಗುವ ಬೆನ್ನಿಗೆ ಡಾಂಬರು ಬಳಿಸಿ. ಒರಲಿ ಬರುವುದು ಬೆನ್ನಿನಿಂದಲೇ. ಹಸಿ ಬೇವು, ಹಸಿ ಜಾಲಿ ಕೊಯ್ಯಿಸಿ ಕೂರಿಸಬೇಡಿ, ಮೊದಲ ಬೇಸಿಗೆಗೇ ಸೊಟ್ಟಗಾಗುತ್ತದೆ. ಮಣ್ಣಿನ ಗೋಡೆಯ ಮೇಲೆ ಬರೀ ಸಿಮೆಂಟು ಬಳಿದರೆ ಹಪ್ಪಳದಂತೆ ಏಳುತ್ತದೆ, ಹೋಲ್ಡ್‌ಫಾಸ್ಟ್ ಕೂತ ಜಾಗಕ್ಕೆ ಕಾಂಕ್ರೀಟು ತುಂಬಿಸಿ, ಉಳಿದ ಗೋಡೆಗೆ ಹೊಟ್ಟು ಕಲಸಿ ಕೊಳೆಸಿದ ಮಣ್ಣಿನ ಗಿಲಾವೇ ಆಗಲಿ.

ಇನ್ನೊಂದು, ಕಿಡಕಿ ದೊಡ್ಡದು ಮಾಡಿಸುವ ಆಸೆ ಯಾರಿಗಾದರೂ ಬಂದರೆ ಬೇಡ ಅನ್ನಿ. ಎರಡು ಅಡಿ ದಪ್ಪದ ಗೋಡೆಯಲ್ಲಿ ಸಣ್ಣ ಕಿಡಕಿ ಇಟ್ಟವರು ದಡ್ಡರಾಗಿರಲಿಲ್ಲ, ಏಪ್ರಿಲ್ ತಿಂಗಳ ಮಧ್ಯಾಹ್ನ ಅವರಿಗೆ ಗೊತ್ತಿತ್ತು. ಆದರೆ ಮಾವನವರು ಮಲಗುವ ಕೋಣೆಗೆ ಸರಿಸುವ ಕಿಡಕಿ ಹಾಕಿಸಬೇಡಿ. ಸರಿಸುವುದರಲ್ಲಿ ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ. ದಮ್ಮಿನವರಿಗೆ ಪೂರ್ತಿ ತೆರೆಯುವ ಕದ, ಸೊಳ್ಳೆ ಜಾಳಿಗೆ, ಮೇಲಿನ ಬೆಳಕಿಂಡಿ ಮೂರೂ ಇರಲಿ.

ಅಳತೆ ಎರಡು ಸಲ ಆಗಲಿ, ಈಗೊಮ್ಮೆ, ಸುಗ್ಗಿಯ ಮೇಲೊಮ್ಮೆ. ಪ್ರತಿ ಕಿಂಡಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಹಿಡಿಯಬೇಕು. ಎತ್ತರವನ್ನೂ ಮೂರು ಕಡೆ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಸಲ ಟೇಪು ಹಿಡಿಯಿರಿ, ಎರಡೂ ಒಂದೇ ಬಂದರೆ ಕಿಂಡಿ ಚೌಕ ಇದೆ. ನಿಮ್ಮ ಮನೆಯಲ್ಲಿ ಬರುವುದಿಲ್ಲ, ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಸಣ್ಣ ಅಳತೆ ಹಿಡಿದು, ಸುತ್ತ 5ರಿಂದ 10 ಮಿಲಿಮೀಟರು ಸಂದು ಬಿಟ್ಟು ಮಾಡಿಸಬೇಕು. ಕಾರ್ತಿಕದ ಅಳತೆಗೂ ಮಾರ್ಚಿನ ಅಳತೆಗೂ ವ್ಯತ್ಯಾಸ ಬಂದರೆ ಆ ಕಾಗದವನ್ನು ಮಗನಿಗೆ ವಾಟ್ಸಾಪ್ ಮಾಡಿ, ನನ್ನ ಇಷ್ಟುದ್ದದ ಮಾತಿಗಿಂತ ಅದು ಬೇಗ ತಿಳಿಯುತ್ತದೆ.

ಕೆಲಸ ಹಚ್ಚುವುದು ಯಾವಾಗ? ಜೋಳ, ಕಡಲೆಯ ರಾಶಿ ಮುಗಿದ ಮೇಲೆ, ಯುಗಾದಿಯ ಒಳಗೆ. ನಿಮಗೂ ಕೈ ಬಿಡುವು, ಗೋಡೆಯೂ ಒಣಗಿರುತ್ತದೆ. ಯುಗಾದಿ ದಾಟಿದರೆ ಸಂಜೆಯ ಗುಡುಗು–ಗಾಳಿ ಯಾವತ್ತು ಬರುತ್ತದೆ ಹೇಳಲಾಗದು. ಇದನ್ನು ಪೆಟ್ಟು ತಿಂದೇ ಕಲಿತವಳು ನಾನು. ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಹಳೆಯ ಕಿಡಕಿಗಳನ್ನೆಲ್ಲ ಒಂದೇ ದಿನ ಕೀಳಿಸಿದೆವು. ಹೊಸವು ನಾಳೆ ಬರುತ್ತವೆ ಅಂದಿದ್ದರು. ಐದು ದಿನ ಬರಲಿಲ್ಲ. ಕಿಂಡಿಗಳಿಗೆ ಹಾಸಿಗೆಯ ಚಾದರ ಕಟ್ಟಿಕೊಂಡು ಕೂತೆವು, ಮೂರನೆಯ ರಾತ್ರಿ ರೋಹಿಣಿ ಮಳೆ ಹೊಡೆಯಿತು. ಅಕ್ಕಿ ಡಬ್ಬಿಯವರೆಗೆ ಎಲ್ಲ ತೊಯ್ದಿತು. ಅಂದಿನಿಂದ ನನ್ನದು ಒಂದೇ ಕಾಯಿದೆ: ಹೊಸದು ಅಂಗಳಕ್ಕೆ ಬಂದು, ಕಿಂಡಿಗೆ ಹಿಡಿದು ನೋಡಿ, ಆಮೇಲೆ ಹಳೆಯದಕ್ಕೆ ಕೈ. ಬೆಳಿಗ್ಗೆ ಎಷ್ಟು ಕಿತ್ತರೋ ಸಂಜೆಗೆ ಅಷ್ಟೂ ಮುಚ್ಚಬೇಕು. ದಿನಕ್ಕೆ ಎರಡು ಅಂದರೆ ನಿಮ್ಮದು ಆರು ದಿನದ ಕೆಲಸ. ನಾಲ್ಕು ದಿನಕ್ಕೆ ಮುಗಿಸುವ ಅವಸರ ಅವರದು, ರಾತ್ರಿ ತೆರೆದ ಮನೆಯಲ್ಲಿ ಮಲಗಬೇಕಾದವರು ನೀವು.

ಹೀಗೆ ಮಾಡಿದರೆ ‘ಮನೆ ಖಾಲಿ’ ಮಾಡುವ ಮಾತೂ ಹೋಗುತ್ತದೆ. ಖಾಲಿ ಆಗಬೇಕಾದದ್ದು ಒಂದು ಸಲಕ್ಕೆ ಒಂದು ಕೋಣೆ, ಅದರಲ್ಲೂ ಬಾಗಿಲಿನ ಒಳಗೆ ಹೊರಗೆ ಮೂರು ನಾಲ್ಕು ಅಡಿ. ಹಿತ್ತಲ ಕಡೆಯ ಕೋಣೆಯಿಂದ ಶುರುವಾಗಲಿ. ಅದರ ಕಿಡಕಿ ಮುಗಿದು, ನೆಲ ಒರೆಸಿ, ಎರಡು ದಿನ ಗಾಳಿ ಆಡಿದ ಮೇಲೆ ಮಾವನವರ ಹೊರಸು ಅಲ್ಲಿಗೆ ಹೋಗಲಿ. ಆಮೇಲಿನ ಕೆಲಸವೆಲ್ಲ ಅವರಿಂದ ದೂರ ಸರಿಯುತ್ತಾ ಬರಬೇಕು. ಮೊದಲ ಎರಡು ದಿನ ಮಾತ್ರ ಓಣಿಯಲ್ಲೇ ಹತ್ತಿರದವರ ಮನೆಯ ಪಡಸಾಲೆಯಲ್ಲಿ ಕೂರಿಸಿ. ದೂರದ ಮಗಳ ಮನೆಗೆ ಕಳಿಸಿದರೆ, ವಯಸ್ಸಾದವರು, ತಮ್ಮ ಮನೆಗೆ ಏನು ಮಾಡುತ್ತಾರೋ ಅಂತ ಅಲ್ಲೇ ಉಸಿರು ಹಿಡಿಸಿಕೊಳ್ಳುತ್ತಾರೆ. ಪಂಪು ಜೇಬಿನಲ್ಲೇ ಇರಲಿ. ಔಷಧದ ಲೆಕ್ಕ ಮೊದಲೇ ವೈದ್ಯರನ್ನು ಕೇಳಿ ಗಟ್ಟಿ ಮಾಡಿಕೊಳ್ಳಿ.

ಧೂಳಿನಲ್ಲಿ ಒಂದು ಜಾತಿ ಕೆಟ್ಟದ್ದಿದೆ, ಹಳೆಯ ಎಣ್ಣೆಬಣ್ಣದ್ದು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ಕಾನೂನು ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ನಿಮ್ಮ ಬಾಗಿಲಿನ ಹಸಿರು, ನೀಲಿ ಪದರುಗಳು ಅದಕ್ಕಿಂತ ಎಷ್ಟೋ ಹಿಂದಿನವು. ಒಣಗಿದಂತೆಯೇ ಉಜ್ಜಬಾರದು, ಬೆಂಕಿ ಹಿಡಿದು ಸುಡಲೇಬಾರದು. ನೀರು ಚಿಮುಕಿಸಿ, ಹೊರಗೆ ತಾಡಪತ್ರಿ ಹಾಸಿ ಅದರ ಮೇಲೆ ಕೆರೆಯಲಿ, ಕೆರೆದದ್ದನ್ನು ತಿಪ್ಪೆಗೆ ಹಾಕದೆ ಚೀಲದಲ್ಲಿ ಕಟ್ಟಿಡಿ, ಆ ತಿಪ್ಪೆ ಹೊಲಕ್ಕೆ ಹೋಗುತ್ತದಲ್ಲ. ಮೊಮ್ಮಕ್ಕಳು, ಬಸುರಿ ಹೆಂಗಸರು ಆ ಹೊತ್ತು ಹತ್ತಿರ ಬೇಡ.

ಕಾಳಿನ ಚೀಲಗಳನ್ನು ಹೊರಗೆ ಹೊರುವುದು ಬೇಡ. ಪಡಸಾಲೆಯ ನಡುವೆ, ಗೋಡೆಯಿಂದ ಬಿಡಿಸಿ, ಹಲಗೆಯ ಮೇಲೆ ಒಟ್ಟಿ, ತಾಡಪತ್ರಿಯಿಂದ ನೆಲದವರೆಗೆ ಮುಚ್ಚಿ ಕಟ್ಟಿ. ಮಾರುವ ಹೆಸರು ಇದ್ದರೆ ಅಷ್ಟರೊಳಗೆ ಮಾರಿಬಿಡಿ. ಹಿಟ್ಟು, ಬೇಳೆ, ಉಪ್ಪಿನಕಾಯಿಯ ಭರಣಿ ಒಂದೇ ಮೂಲೆಗೆ. ಜಗಲಿಯ ದೇವರನ್ನು ಯಾರು ಎತ್ತಬೇಕು, ಎಲ್ಲಿ ಇಡಬೇಕು ಅನ್ನುವುದನ್ನು ಅತ್ತೆಯವರಿಗೇ ಬಿಡಿ. ಬಂಗಾರ, ಹೊಲದ ಉತಾರ, ಬ್ಯಾಂಕಿನ ಪುಸ್ತಕ ಒಂದು ಟ್ರಂಕಿನಲ್ಲಿ, ಆ ಟ್ರಂಕು ಬೇರೆ ಮನೆಯಲ್ಲಿ. ಬಾಗಿಲ ಚೌಕಟ್ಟಿಗೆ ಹೊಡೆದ ವೈರು, ಸ್ವಿಚ್ಚು ಇದ್ದರೆ ಮೇನ್ ತೆಗೆದು ಬಿಡಿಸಬೇಕು, ಕಂಬದಿಂದ ಬಂದ ವೈರು ಬಾಗಿಲ ನೆತ್ತಿಗೆ ಕಟ್ಟಿದ್ದರೆ ಅದನ್ನು ಹೆಸ್ಕಾಂ ಲೈನ್‌ಮನ್ ಬಿಟ್ಟು ಇನ್ಯಾರೂ ಮುಟ್ಟಬಾರದು. ಎಮ್ಮೆ, ಎತ್ತು ಡ್ರಿಲ್ ಸಪ್ಪಳಕ್ಕೆ ಹಗ್ಗ ಕಿತ್ತುಕೊಳ್ಳುತ್ತವೆ, ಹಗಲು ಹೊಲದಲ್ಲಿರಲಿ. ಹಾಂ, ಚೇಳು. ಹಳೆಯ ಚೌಕಟ್ಟಿನ ಹಿಂದಿನ ಸಂದು ಅವಕ್ಕೆ ತವರುಮನೆ. ಕೀಳುವವನ ಕಾಲಲ್ಲಿ ಬೂಟು, ಕೈಯಲ್ಲಿ ಕೈಗವಸು ಇರಲಿ, ನೀವು ಬರಿಗಾಲಲ್ಲಿ ಕಸ ಗುಡಿಸಲು ಹೋಗಬೇಡಿ.

ಹಣದ ವಿಷಯ ಎರಡೇ ಮಾತು. ಎಷ್ಟು ಕಿಡಕಿ, ಯಾವ ದಪ್ಪದ ಗಾಜು, ಗಿಲಾವು ಯಾರದು, ಕಸ ಹೊರುವವರು ಯಾರು ಎಲ್ಲ ಕಾಗದದ ಮೇಲೆ ಬರಲಿ. ಕಡೆಯ ಕಂತನ್ನು ಪ್ರತಿ ಕಿಡಕಿಗೆ ಹೊರಗಿನಿಂದ ಎರಡು ಬಕೆಟ್ ನೀರು ಎರಚಿ, ಒಳಗೆ ಹನಿ ಬರಲಿಲ್ಲ ಎಂದು ನೋಡಿದ ಮೇಲೆ ಕೊಡಿ. ಕಾಂಕ್ರೀಟು ತುಂಬಿದಲ್ಲಿ ಏಳು ದಿನ ನೀರು ಹಾಕಬೇಕು, ಆ ಏಳು ದಿನ ಕದ ಧಡ್ ಅಂತ ಹಾಕಬಾರದು. ಇದನ್ನು ಮನೆಯ ಗಂಡಸರಿಗೆ ಎರಡು ಸಲ ಹೇಳಿ.

ಇನ್ನು ತಲಬಾಗಿಲು. ನಿಮ್ಮ ಅತ್ತೆ ಆ ಹೊಸ್ತಿಲು ದಾಟಿ ಬಂದ ದಿನದಿಂದ ಅದಕ್ಕೆ ಅರಿಷಿಣ ಕುಂಕುಮ ಹಚ್ಚುತ್ತಾ ಬಂದಿದ್ದಾರೆ. ಅವರ ಸಿಟ್ಟಿಗೆ ಹಟ ಅನ್ನುವ ಹೆಸರು ಕೊಡಬೇಡಿ. ಬಡಿಗೇರನ ಲೆಕ್ಕದಲ್ಲಿ ನೋಡಿದರೂ ಅವರದೇ ಸರಿ. ಅಂಥ ಸಾಗವಾನಿ ಈಗ ಆ ದಪ್ಪಕ್ಕೆ ಸಿಗುವುದು ಕಷ್ಟ, ಗುಜರಿಗೆ ಕೊಟ್ಟರೆ ಬರುವುದು ಪುಡಿಗಾಸು. ಹಳೆಯ ತಲಬಾಗಿಲು ಕೆಡುವುದು ಬಹಳ ಮಟ್ಟಿಗೆ ಕೆಳಗಿನ ಒಂದು ಗೇಣಿನಲ್ಲಿ, ನೀರು ಸಿಡಿಯುವಲ್ಲಿ. ಅಷ್ಟನ್ನು ಕೊಯ್ದು ಹೊಸ ಹಲಗೆ ಜೋಡಿಸಿ ಬೆಸೆಯಬಹುದು. ಕದ ಬಿಜಾಗರಿಯಿಲ್ಲದೆ ಹೊಸ್ತಿಲ ಕುಳಿಯಲ್ಲಿ ತಿರುಗುವ ಬಗೆಯದಾದರೆ ಸವೆದಿರುವುದು ಆ ಕುಳಿ, ಅಲ್ಲೊಂದು ಕಬ್ಬಿಣದ ಬಿಲ್ಲೆ ಕೂರಿಸಿದರೆ ಕದ ಮತ್ತೆ ಎತ್ತರಕ್ಕೆ ಬರುತ್ತದೆ. ನಿಮ್ಮದೇ ಜಿಲ್ಲೆಯ ಲಕ್ಕುಂಡಿಗೆ ಹೋಗಿದ್ದರೆ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡ ನೋಡಿರುತ್ತೀರಿ, ಪಟ್ಟಿಯ ಪಕ್ಕ ಪಟ್ಟಿ ಕೆತ್ತಿದ್ದು. ಚಾಲುಕ್ಯರ ಕಾಲದ ಆ ಬಾಗಿಲುವಾಡ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಕದ ಎಂಥದಿತ್ತು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಮಗನಿಗೆ ಇದನ್ನು ಹೇಳಿ, ಬೆಂಗಳೂರಿನಲ್ಲಿ ಅವನ ಗೆಳೆಯರು ಇಂಥ ಹಳೆಯ ತಲಬಾಗಿಲನ್ನು ದುಡ್ಡು ಕೊಟ್ಟು ತಂದು ಹೋಟೆಲಿನ ಗೋಡೆಗೆ ಒರಗಿಸುವುದನ್ನು ಅವನೂ ನೋಡಿರುತ್ತಾನೆ.

ಇವತ್ತು ಸಂಜೆ ಅತ್ತೆಯವರ ಮುಂದೆ ತಾಟು ಇಟ್ಟು ಹೇಳಿ: ‘ತಲಬಾಗಲಾ ಇರತೈತ್ರಿ. ಕೊಳೆತ ಹಲಗಿ ಅಷ್ಟ ಬದಲ ಮಾಡೂದು. ಅದೂ ಎಲ್ಲಾ ಮುಗದ ಮ್ಯಾಲೆ, ಕಡೀಕ. ಬಡಿಗೇರನ್ನ ನೀವ ಕರೀರಿ, ದಿನಾನೂ ನೀವ ನೋಡ್ರಿ.’ ಉಣ್ಣುತ್ತಾರೆ.

ಬಿರುಕಿಗೆ ಅಂಟಿಸಿದ ಗಾಜನ್ನು ಹದಿನೈದು ದಿನಕ್ಕೊಮ್ಮೆ ನೋಡುತ್ತಿರಿ. ಸುಗ್ಗಿಯ ಒಳಗೆ ಅದು ಒಡೆದರೆ ಮಗ ಹಾಕಿದ ರೊಕ್ಕ ಬ್ಯಾಂಕಿನಲ್ಲೇ ಇರಲಿ, ಕಿಡಕಿಯವರಿಗೆ ಮುಂಗಡ ಕೊಡಬೇಡಿ, ನನಗೆ ಇನ್ನೊಂದು ಪತ್ರ ಬರೆಯಿರಿ. ಆಗ ನಾವು ಮಾತಾಡಬೇಕಾದದ್ದು ಬಚ್ಚಲ ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನು.